ಗ್ರಂಥಋಣದಲ್ಲಿ ನಿಮ್ಮ ಪತ್ರಿಕೆಯ ಹೆಸರಿದೆಯೇ? ಕನ್ನಡ ಸಂಶೋಧನಾ ಪತ್ರಿಕೆಯ ಪ್ರಭಾವ ಎಣಿಸುವ ದಾರಿ

ಆರು ತಿಂಗಳಿಗೊಮ್ಮೆ ಬರುವ ಒಂದು ಸಣ್ಣ ಕನ್ನಡ ಸಂಶೋಧನಾ ಪತ್ರಿಕೆಯ ಕೆಲಸದಲ್ಲಿ ನಾನು ಕೆಲವು ವರ್ಷ ಕೈಜೋಡಿಸಿದ್ದೆ. ಇತಿಹಾಸ, ಶಾಸನ, ಜಾನಪದ, ಸಮಾಜಶಾಸ್ತ್ರ, ಸಾಹಿತ್ಯ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಒಮ್ಮೆ ಅನುದಾನದ ಅರ್ಜಿ ತುಂಬುತ್ತಿದ್ದೆವು. ಮೂರನೇ ಪುಟದಲ್ಲಿ ಒಂದು ಪ್ರಶ್ನೆ: 'ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು?' ಸಂಪಾದಕರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. 'ಅನ್ವಯಿಸುವುದಿಲ್ಲ' ಅಂತ ಬರೆದು ಕಳಿಸಿಬಿಟ್ಟೆವು.

ಬರೆದದ್ದು ಸುಳ್ಳಲ್ಲ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ನಮ್ಮ ಲೇಖನಗಳ ಹೆಸರು ಪಿಎಚ್‌ಡಿ ಪ್ರಬಂಧಗಳ ಹಿಂಬದಿಯ ಗ್ರಂಥಋಣದಲ್ಲಿ, ಅಂದರೆ ಓದಿದ ಆಕರಗಳ ಪಟ್ಟಿಯಲ್ಲಿ, ಇರುವುದನ್ನು ಎಷ್ಟೋ ಸಲ ನೋಡಿದ್ದೆವು. ಎಣಿಸಿರಲಿಲ್ಲ, ಅಷ್ಟೆ. ಆಮೇಲೆ ಕೂತು ಎಣಿಸಿದೆವು. ಆಗ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಇದಕ್ಕೆ ಬೇಕಾಗುವುದು ಒಂದು ಕಂಪ್ಯೂಟರ್, ಒಂದು ಎಕ್ಸೆಲ್ ಹಾಳೆ, ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಲು ಅನುಮತಿ. ತಾಳ್ಮೆ ಮಾತ್ರ ಸ್ವಲ್ಪ ಜಾಸ್ತಿ ಬೇಕು.

ಶುರು ಮಾಡುವ ಮೊದಲು: ಆ ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಏನು?

1955ರಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಯೋಚನೆ ಮುಂದಿಟ್ಟರು. ಯಾವ ಲೇಖನ ಯಾವ ಲೇಖನವನ್ನು ಉಲ್ಲೇಖಿಸಿದೆ ಎಂಬುದರ ಸೂಚಿ ಮಾಡಿದರೆ ವಿಚಾರ ಹರಿದ ದಾರಿ ಕಾಣುತ್ತದೆ ಎಂಬುದು ಆ ಯೋಚನೆ. 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿ ಬಂತು, 1973ರಲ್ಲಿ ಸಮಾಜ ವಿಜ್ಞಾನದ್ದು, 1978ರಲ್ಲಿ ಕಲೆ ಮತ್ತು ಮಾನವಿಕದ್ದು. ಇಂಪ್ಯಾಕ್ಟ್ ಫ್ಯಾಕ್ಟರ್ ಹುಟ್ಟಿದ್ದು ಇದೇ ಮನೆಯಲ್ಲಿ. ಗ್ರಂಥಾಲಯದವರು ಯಾವ ಪತ್ರಿಕೆಗೆ ಚಂದಾ ಕಟ್ಟಬೇಕು ಅಂತ ತೀರ್ಮಾನಿಸಲು ಅದು ನೆರವಾಗುತ್ತಿತ್ತು. ಮೇಷ್ಟ್ರ ಬಡ್ತಿಗೆ ಅದನ್ನು ತಂದು ಕಟ್ಟಿದ್ದು ಆಮೇಲೆ.

ಲೆಕ್ಕ ತುಂಬಾ ಸುಲಭ. 2023ರ ಅಂಕಿ ಬೇಕೆಂದರೆ, ಪತ್ರಿಕೆಯ 2021 ಮತ್ತು 2022ರ ಬರಹಗಳಿಗೆ 2023ರಲ್ಲಿ ಬಂದ ಉಲ್ಲೇಖಗಳನ್ನು ಎಣಿಸಿ. ಆ ಎರಡು ವರ್ಷದ ಸಂಶೋಧನಾ ಲೇಖನಗಳ ಸಂಖ್ಯೆಯಿಂದ ಭಾಗಿಸಿ. ಮುಗಿಯಿತು.

ತೊಡಕು ಇರುವುದು 'ಎರಡು ವರ್ಷ' ಎಂಬುದರಲ್ಲಿ. ಜೀವವಿಜ್ಞಾನದಲ್ಲಿ ಎರಡು ವರ್ಷದ ಹಿಂದಿನ ಲೇಖನ ಹಳತಾಗಿರಬಹುದು. ನಮ್ಮಲ್ಲಿ ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳನ್ನು ಇವತ್ತಿಗೂ ಅಡಿಟಿಪ್ಪಣಿಯಲ್ಲಿ ಹಾಕುತ್ತೇವೆ. ಲೇಖನ ಬಂದು, ಅದು ಊರೂರಿನ ಗ್ರಂಥಾಲಯ ಸೇರಿ, ಯಾರೋ ವಿದ್ಯಾರ್ಥಿ ಓದಿ, ಐದಾರು ವರ್ಷ ಕೂತು ಪ್ರಬಂಧ ಬರೆದು ಮುಗಿಸುವಷ್ಟರಲ್ಲಿ ಆ ಎರಡು ವರ್ಷ ಎಂದೋ ದಾಟಿಹೋಗಿರುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆ ಸೂಚಿಗಳನ್ನು ಈಗ ನಡೆಸುತ್ತಿರುವುದು ಕ್ಲಾರಿವೇಟ್ ಕಂಪನಿ. ಕಲೆ ಮತ್ತು ಮಾನವಿಕ ಸೂಚಿಯಲ್ಲಿ ಮಾತ್ರ ಇದ್ದ ಪತ್ರಿಕೆಗಳಿಗೆ 2023ರವರೆಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವ ಪದ್ಧತಿಯೇ ಅಲ್ಲಿ ಇರಲಿಲ್ಲ. ನಮ್ಮ ಅರ್ಜಿಯವರು ಕೇಳಿದ್ದು ಅಂಥ ಅಂಕಿಯನ್ನು!

ಹಾಗಾಗಿ ಹೊರಗಿನವರು ಅಂಕಿ ಕೊಡಲಿ ಅಂತ ಕಾಯಬೇಡಿ. ನೀವೇ ಎಣಿಸಿ. ಎಣಿಸಿದ ರೀತಿಯನ್ನೂ ಜೊತೆಗೇ ಹೇಳಿ.

ಹೆಜ್ಜೆ 1: ಯಾರಿಗೆ ಬೇಕು, ಯಾಕೆ ಬೇಕು

ಅನುದಾನ ಕೊಡುವವರಿಗೆ ಒಂದು ಅಂಕಿ ಸಾಕು. ಲೇಖಕರಿಗೆ ತಮ್ಮ ಬರಹ ಯಾರಿಗಾದರೂ ತಲುಪುತ್ತದೆಯೇ ಅನ್ನುವುದು ಮುಖ್ಯ. ಸಂಪಾದಕರಿಗೆ ಎಂಥ ಲೇಖನ ದೂರ ಹೋಗುತ್ತದೆ ಎಂದು ತಿಳಿಯಬೇಕು. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿ. ಹೀಗೆ: '2013ರಿಂದ 2022ರವರೆಗೆ ನಾವು ಪ್ರಕಟಿಸಿದ ಸಂಶೋಧನಾ ಲೇಖನಗಳನ್ನು ಯಾರು, ಯಾವ ವರ್ಷ, ಎಲ್ಲಿ ಉಲ್ಲೇಖಿಸಿದ್ದಾರೆ?' ಅವಧಿಯನ್ನು ಎಣಿಸುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಎಣಿಸಿದ ಮೇಲೆ ಅವಧಿ ಆರಿಸಿದರೆ, ಅಂಕಿ ಚೆನ್ನಾಗಿ ಕಾಣುವ ಅವಧಿಯ ಕಡೆಗೇ ಕೈ ಹೋಗುತ್ತದೆ.

ಹೆಜ್ಜೆ 2: ನಿಮ್ಮದೇ ಲೇಖನಗಳ ಪಟ್ಟಿ

ಇದು ಸುಲಭ ಅಂದುಕೊಂಡಿದ್ದೆ. ಅಲ್ಲ. ನಮ್ಮ ಕಚೇರಿಯಲ್ಲೇ ಎರಡು ಸಂಚಿಕೆಗಳ ಪ್ರತಿ ಇರಲಿಲ್ಲ. ಹಳೆಯ ಲೇಖಕರೊಬ್ಬರ ಮನೆಯ ಅಟ್ಟದಿಂದ ತರಿಸಿಕೊಂಡೆವು.

ಪ್ರತಿ ಬರಹಕ್ಕೂ ಒಂದು ಸಾಲು. ಸಂಪುಟ, ಸಂಚಿಕೆ, ವರ್ಷ, ಲೇಖಕರು, ಶೀರ್ಷಿಕೆ, ಪುಟ, ವಿಷಯ ಮತ್ತು ಬರಹದ ಬಗೆ. ಕೊನೆಯ ಕಲಂ ತುಂಬಾ ಮುಖ್ಯ. ಸಂಶೋಧನಾ ಲೇಖನ, ಪುಸ್ತಕ ವಿಮರ್ಶೆ, ಸಂಪಾದಕೀಯ, ಶ್ರದ್ಧಾಂಜಲಿ, ಅನುವಾದ, ಹಸ್ತಪ್ರತಿ ಪಾಠ ಎಂದು ಬೇರೆ ಬೇರೆ ಗುರುತಿಸಿ. ಯಾಕೆಂದರೆ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕದಲ್ಲಿ ಮೇಲಿನ ಸಂಖ್ಯೆಗೆ ಎಲ್ಲ ಬರಹಗಳ ಉಲ್ಲೇಖವೂ ಸೇರುತ್ತದೆ, ಕೆಳಗಿನ ಸಂಖ್ಯೆಗೆ ಸಂಶೋಧನಾ ಲೇಖನಗಳು ಮಾತ್ರ. ಇದು ಹಳೆಯ ದೂರು. ನೀವು ಎರಡೂ ಕಡೆ ಒಂದೇ ಅಳತೆ ಇಟ್ಟುಕೊಳ್ಳಿ.

ವರ್ಷದ ವಿಚಾರದಲ್ಲಿ ಎಚ್ಚರವಿರಲಿ. 'ಜುಲೈ–ಡಿಸೆಂಬರ್ 2019' ಅಂತ ಮುಖಪುಟದಲ್ಲಿರುತ್ತದೆ, ಅಚ್ಚಾಗಿ ಕೈಗೆ ಬಂದದ್ದು 2021ರಲ್ಲಿ. ಸಣ್ಣ ಪತ್ರಿಕೆಯಲ್ಲಿ ಇದು ಮಾಮೂಲಿ, ನಾಚಿಕೆ ಬೇಡ. ಎರಡಕ್ಕೂ ಕಲಂ ಹಾಕಿ, ಲೆಕ್ಕಕ್ಕೆ ನಿಜವಾಗಿ ಹೊರಬಂದ ವರ್ಷವನ್ನೇ ಹಿಡಿಯಿರಿ. ಜೋಡಿ ಸಂಚಿಕೆ ಬಂದಿದ್ದರೆ ಅದನ್ನು ಒಂದೇ ಸಂಚಿಕೆ ಎಂದು ಬರೆಯಿರಿ.

ಹೆಜ್ಜೆ 3: ಹೆಸರಿನ ವೇಷಗಳನ್ನು ಪಟ್ಟಿ ಮಾಡಿ

ಕನ್ನಡದಲ್ಲಿ ಒಂದೇ ಹೆಸರು ಹತ್ತು ವೇಷದಲ್ಲಿ ಓಡಾಡುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ಹೊರಟ 'ಪ್ರಬುದ್ಧ ಕರ್ಣಾಟಕ'ವನ್ನೇ ತೆಗೆದುಕೊಳ್ಳಿ. ಒಬ್ಬರು 'ಕರ್ಣಾಟಕ' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಕರ್ನಾಟಕ', ಮತ್ತೊಬ್ಬರು 'ಪ್ರ.ಕ.' ಸಾಹಿತ್ಯ ಪರಿಷತ್ತಿನ 'ಪರಿಷತ್ಪತ್ರಿಕೆ'ಯನ್ನು ಬಿಡಿಸಿ 'ಪರಿಷತ್ ಪತ್ರಿಕೆ' ಎಂದರೆ ಕಂಪ್ಯೂಟರಿಗೆ ಅದು ಬೇರೆಯೇ ಪತ್ರಿಕೆ. ಲೇಖಕರ ಹೆಸರೂ ಅಷ್ಟೆ. 'ಎಂ. ಚಿದಾನಂದಮೂರ್ತಿ', 'ಚಿದಾನಂದಮೂರ್ತಿ ಎಂ.', 'ಚಿದಾನಂದ ಮೂರ್ತಿ', 'ಚಿಮೂ' ಎಲ್ಲ ಒಬ್ಬರೇ ಅಂತ ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ಆದ್ದರಿಂದ ನಿಮ್ಮ ಪತ್ರಿಕೆಯ ಹೆಸರನ್ನು ಜನ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟನ್ನೂ ಬರೆದುಕೊಳ್ಳಿ. ಕನ್ನಡದ ಕಾಗುಣಿತ ಭೇದಗಳು, ಬಿಡಿಸಿ ಮತ್ತು ಕೂಡಿಸಿ ಬರೆದ ರೂಪಗಳು, ಸಂಕ್ಷೇಪ, ಇಂಗ್ಲಿಷ್ ಲಿಪಿಯಲ್ಲಿ ಬರೆದ ರೂಪಗಳು. ನಮ್ಮ ಪಟ್ಟಿ 14ಕ್ಕೆ ಬಂದು ನಿಂತಿತು. ಹುಡುಕುವಾಗ ಒಂದೊಂದನ್ನೂ ಹಾಕಿ ನೋಡಬೇಕು.

ಹೆಜ್ಜೆ 4: ಆನ್‌ಲೈನ್‌ನಲ್ಲಿ ಸಿಗುವಷ್ಟು

ಕ್ಲಾರಿವೇಟ್‌ನ ವೆಬ್ ಆಫ್ ಸೈನ್ಸ್, ಎಲ್ಸವಿಯರ್‌ನ ಸ್ಕೋಪಸ್ ಎಂಬ ಉಲ್ಲೇಖ ಸೂಚಿಗಳಿವೆ, ಎರಡಕ್ಕೂ ಹಣ ಕಟ್ಟಬೇಕು. ನಿಮ್ಮ ವಿಶ್ವವಿದ್ಯಾಲಯಕ್ಕೆ ಚಂದಾ ಇದ್ದರೆ ಅರ್ಧ ದಿನ ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಕನ್ನಡ ಪತ್ರಿಕೆಗೆ ಅಲ್ಲಿ ಸಿಗುವುದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ ಬರೆಯುವ ಇತಿಹಾಸಕಾರರು, ಮಾನವಶಾಸ್ತ್ರಜ್ಞರು ಮಾಡಿದ ಒಂದೋ ಎರಡೋ ಉಲ್ಲೇಖ. ಕಡಿಮೆಯಾದರೂ ಅವಕ್ಕೆ ಬೆಲೆಯಿದೆ. ನಿಮ್ಮ ಲೇಖನ ಭಾಷೆಯ ಗಡಿ ದಾಟಿದೆ ಎಂಬುದಕ್ಕೆ ಅದೇ ಪುರಾವೆ. ದೆಹಲಿಯಿಂದ ನಡೆಯುವ ಇಂಡಿಯನ್ ಸೈಟೇಶನ್ ಇಂಡೆಕ್ಸ್ ಕೂಡ ಒಮ್ಮೆ ನೋಡಿ.

ಪುಕ್ಕಟೆ ಸಿಗುವುದು ಗೂಗಲ್ ಸ್ಕಾಲರ್. 2004ರಲ್ಲಿ ಬಂತು. ಪುಸ್ತಕ, ಪ್ರಬಂಧ, ಲೇಖನ ಎಲ್ಲವನ್ನೂ ಅದು ಬಾಚಿಕೊಳ್ಳುತ್ತದೆ. ಪತ್ರಿಕೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಆಮೇಲೆ ಹೆಚ್ಚು ಹೆಸರಾದ ಲೇಖನಗಳ ಶೀರ್ಷಿಕೆಯನ್ನೂ ಒಂದೊಂದಾಗಿ ಹಾಕಿ. ಆನ್ ವಿಲ್ ಹಾರ್ಜಿಂಗ್ ಅವರು ಮಾಡಿಕೊಟ್ಟ 'ಪಬ್ಲಿಷ್ ಆರ್ ಪೆರಿಷ್' ಎಂಬ ಉಚಿತ ತಂತ್ರಾಂಶವಿದೆ. ಅದು ಸ್ಕಾಲರ್‌ನಿಂದ ತಂದು ಪಟ್ಟಿ ಮಾಡಿ ಎಕ್ಸೆಲ್‌ಗೆ ಕೊಡುತ್ತದೆ. ಒಂದೇ ಸಮನೆ ಹುಡುಕಿದರೆ ಗೂಗಲ್ 'ನೀನು ಮನುಷ್ಯನಾ?' ಅಂತ ಕೇಳಿ ಬಾಗಿಲು ಹಾಕುತ್ತದೆ. ಸ್ವಲ್ಪ ಬಿಟ್ಟು ಬಿಟ್ಟು ಮಾಡಿ.

ಗೂಗಲ್ ಸ್ಕಾಲರ್‌ನಲ್ಲಿ ಪತ್ರಿಕೆಗಳ ಶ್ರೇಯಾಂಕವೂ ಇದೆ. ಅದರಲ್ಲಿ ನಿಮ್ಮ ಹೆಸರು ಕಾಣದಿದ್ದರೆ ಗಾಬರಿ ಬೇಡ. ಐದು ವರ್ಷಕ್ಕೆ ಕನಿಷ್ಠ 100 ಲೇಖನ ಇರಬೇಕೆಂಬ ನಿಯಮ ಅದಕ್ಕಿದೆ. ಸಂಚಿಕೆಗೆ 8ರಂತೆ ವರ್ಷಕ್ಕೆ 16 ಲೇಖನ ಕೊಡುವ ಪತ್ರಿಕೆ ಐದು ವರ್ಷಕ್ಕೆ 80ಕ್ಕೇ ನಿಲ್ಲುತ್ತದೆ. ಎಷ್ಟೇ ಒಳ್ಳೆಯದಿದ್ದರೂ ಒಳಗೆ ಬಿಡುವುದಿಲ್ಲ.

ಹೆಜ್ಜೆ 5: ಶೋಧಗಂಗಾ, ಅಂದರೆ ನಿಜವಾದ ಗಣಿ

ಕನ್ನಡ ಸಂಶೋಧನೆಯಲ್ಲಿ ಉಲ್ಲೇಖಗಳು ಬದುಕುವ ಜಾಗ ಪಿಎಚ್‌ಡಿ ಪ್ರಬಂಧ. ಪ್ರಬಂಧದ ಕೊನೆಯಲ್ಲಿ 'ಗ್ರಂಥಋಣ' ಎಂಬ ಪಟ್ಟಿ ಇರುತ್ತದೆ. ಎಂಥ ಒಳ್ಳೆಯ ಪದ ಅಲ್ವಾ? ಓದಿದ್ದು ಸಾಲ, ಪಟ್ಟಿ ಮಾಡುವುದು ಆ ಸಾಲವನ್ನು ಒಪ್ಪಿಕೊಳ್ಳುವುದು. ನಮ್ಮ ಕೆಲಸ ಈ ಸಾಲದ ಪುಸ್ತಕಗಳನ್ನು ತಿರುವಿಹಾಕುವುದು.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಸಿಗುತ್ತವೆ. ಯಾರು ಬೇಕಾದರೂ ತೆರೆದು ಓದಬಹುದು. ಮೈಸೂರು, ಧಾರವಾಡ, ಹಂಪಿ, ಬೆಂಗಳೂರು, ಕುವೆಂಪು, ಮಂಗಳೂರು, ಗುಲಬರ್ಗಾ ಹೀಗೆ ವಿಶ್ವವಿದ್ಯಾಲಯ, ಅದರೊಳಗೆ ವಿಭಾಗ ಎಂದು ಇಳಿದು ಹೋಗಬಹುದು. ಸಾಮಾನ್ಯವಾಗಿ ಅಧ್ಯಾಯಕ್ಕೊಂದು ಪಿಡಿಎಫ್ ಇರುತ್ತದೆ, ಹಾಗಾಗಿ ಇಡೀ ಪ್ರಬಂಧ ಇಳಿಸಿಕೊಳ್ಳಬೇಕಿಲ್ಲ. ಗ್ರಂಥಸೂಚಿಯ ಕಡತ ಒಂದನ್ನೇ ತೆರೆದರೆ ಕೆಲಸ ಅರ್ಧ ಮುಗಿಯಿತು.

ಈಗ ನಿಜವಾದ ತಲೆನೋವು. ಬಹಳಷ್ಟು ಕನ್ನಡ ಪ್ರಬಂಧಗಳು ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್ ಒಂದೇ ರೀತಿ ಓದುವ ಅಕ್ಷರ ಸಂಕೇತದಲ್ಲಿ, ಇಲ್ಲ. ಕೆಲವು ಬರೀ ಸ್ಕ್ಯಾನ್ ಚಿತ್ರ. ಕೆಲವು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆದವು. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ, ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. 'ಕನ್ನಡ' ಎಂಬ ಪದದ ನಡುವೆಯೇ ಒಂದು ಬ್ರಿಟಿಷ್ ಪೌಂಡ್ ಚಿಹ್ನೆ ಬಂದು ಕೂತಿರುತ್ತದೆ! ಇಂಥ ಕಡತದಲ್ಲಿ ಯುನಿಕೋಡ್ ಕನ್ನಡ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. 'ಉಲ್ಲೇಖ ಇಲ್ಲ' ಅಂತ ಅಲ್ಲಿಗೇ ಕೈಬಿಟ್ಟರೆ ನಿಮ್ಮ ಪತ್ರಿಕೆಗೆ ನೀವೇ ಅನ್ಯಾಯ ಮಾಡಿದ ಹಾಗೆ. ಮೊದಲ ವಾರ ನಾನು ಮಾಡಿದ್ದೂ ಅದನ್ನೇ. ಸುಮಾರು 30 ಪ್ರಬಂಧಗಳನ್ನು ಮತ್ತೆ ಮೊದಲಿಂದ ನೋಡಬೇಕಾಯಿತು.

ಇದಕ್ಕೆ ಮೂರು ಉಪಾಯ ಇವೆ. ಹಳೆಯ ಫಾಂಟಿನ ಕಡತವಾದರೆ, ನಿಮ್ಮ ಪತ್ರಿಕೆಯ ಹೆಸರನ್ನು ಅದೇ ನುಡಿಯಲ್ಲಿ ಟೈಪ್ ಮಾಡಿ, ಬರುವ ಕಲಸುಮೇಲೋಗರವನ್ನೇ ಕಾಪಿ ಮಾಡಿ, ಪಿಡಿಎಫ್‌ನ ಹುಡುಕು ಪೆಟ್ಟಿಗೆಗೆ ಹಾಕಿ. ನಗು ಬರುತ್ತದೆ, ಆದರೆ ಕೆಲಸ ಮಾಡುತ್ತದೆ. ಸ್ಕ್ಯಾನ್ ಆಗಿದ್ದರೆ ಗ್ರಂಥಸೂಚಿಯ ಪುಟಗಳನ್ನಷ್ಟೇ ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯಿರಿ. ಅದು ಕನ್ನಡ ಅಕ್ಷರಗಳನ್ನು ಓದಿ ಪಠ್ಯ ಮಾಡಿಕೊಡುತ್ತದೆ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. ಒತ್ತಕ್ಷರದಲ್ಲಿ ತಪ್ಪುತ್ತವೆ, ಆದ್ದರಿಂದ ಇಡೀ ಹೆಸರು ಹುಡುಕದೆ ಅದರಲ್ಲಿ ಒತ್ತಿಲ್ಲದ ಒಂದು ತುಂಡನ್ನು ಹುಡುಕಿ. ಎರಡೂ ಆಗದಿದ್ದರೆ ಕಣ್ಣಲ್ಲೇ ಓದಿ. 'ನಿಯತಕಾಲಿಕೆಗಳು' ಅಥವಾ 'ಪತ್ರಿಕೆಗಳು' ಎಂಬ ಬೇರೆ ತಲೆಬರಹ ಇದ್ದರೆ ಬೇಗ ಮುಗಿಯುತ್ತದೆ. ಬರೀ ಪತ್ರಿಕೆಯ ಹೆಸರು ಹಾಕಿ ಲೇಖನದ ಹೆಸರು ಬಿಟ್ಟಿರುವವರೂ ಇದ್ದಾರೆ. ಅಂಥವನ್ನು ಬೇರೆ ಕಲಂನಲ್ಲಿ ಬರೆದಿಡಿ. ಪತ್ರಿಕೆಯ ಲೆಕ್ಕಕ್ಕೆ ಬರುತ್ತವೆ, ಲೇಖನದ ಲೆಕ್ಕಕ್ಕೆ ಬರುವುದಿಲ್ಲ.

ಎಲ್ಲ ಪ್ರಬಂಧಗಳನ್ನೂ ನೋಡಲು ಆಗದು. ಆಗ ಮಾದರಿ ಆರಿಸಿ. ನಿಮ್ಮ ವಿಷಯಕ್ಕೆ ಹತ್ತಿರದ ವಿಭಾಗಗಳು ಯಾವುವು, ಯಾವ ವರ್ಷಗಳು ಎಂದು ಮೊದಲೇ ತೀರ್ಮಾನಿಸಿ, ಪಟ್ಟಿಯಲ್ಲಿ ಪ್ರತಿ ಐದನೆಯದನ್ನು ತೆಗೆಯಿರಿ. ಪರಿಚಯದವರ ಪ್ರಬಂಧಗಳನ್ನೇ ಆರಿಸಿದರೆ ಅಂಕಿ ಉಬ್ಬುತ್ತದೆ. ಮಾದರಿಯಲ್ಲಿ ಸಿಕ್ಕಿದ್ದನ್ನು ಐದರಿಂದ ಗುಣಿಸಿ ದೊಡ್ಡದು ಮಾಡಬೇಡಿ. 'ನೋಡಿದ ಇಷ್ಟು ಪ್ರಬಂಧಗಳಲ್ಲಿ ಇಷ್ಟರಲ್ಲಿ ನಮ್ಮ ಪತ್ರಿಕೆ ಇದೆ' ಎಂದು ಹೇಳಿ ಸುಮ್ಮನಾಗಿ.

ಹೆಜ್ಜೆ 6: ಗ್ರಂಥಾಲಯದ ಕಪಾಟು

ಪುಸ್ತಕ ಬಿಟ್ಟು ಮಾನವಿಕದ ಪ್ರಭಾವ ಎಣಿಸುವುದು, ಕೆರೆ ಬಿಟ್ಟು ಕಾಲುವೆ ಅಳೆದ ಹಾಗೆ. ಸಂಪಾದಿತ ಸಂಪುಟಗಳು, ಅಭಿನಂದನ ಗ್ರಂಥಗಳು, ವಿಚಾರ ಸಂಕಿರಣದ ಪ್ರಬಂಧ ಸಂಕಲನಗಳು, ಜಿಲ್ಲಾ ಇತಿಹಾಸಗಳು, ಬಿ.ಎ. ಮತ್ತು ಎಂ.ಎ. ಪಠ್ಯಗಳು, ಇವೆಲ್ಲ ಕಪಾಟಿನಲ್ಲಿವೆ, ಅಂತರ್ಜಾಲದಲ್ಲಿ ಇಲ್ಲ. ಎರಡು ದಿನ ಗ್ರಂಥಾಲಯದಲ್ಲಿ ಕೂತು, ನಿಮ್ಮ ವಿಷಯದಲ್ಲಿ ಕಳೆದ ಐದು ವರ್ಷ ಬಂದ ಪುಸ್ತಕಗಳ ಅಡಿಟಿಪ್ಪಣಿ ನೋಡಿ. ಓರಗೆಯ ಪತ್ರಿಕೆಗಳನ್ನೂ ನೋಡಿ. 1909ರಿಂದ ಬರುತ್ತಿರುವ ಮಿಥಿಕ್ ಸೊಸೈಟಿಯ ತ್ರೈಮಾಸಿಕ, ಕರ್ನಾಟಕ ಇತಿಹಾಸ ಅಕಾಡೆಮಿಯ 'ಇತಿಹಾಸ ದರ್ಶನ' ಇಂಥವು.

ಇಲ್ಲೊಂದು ಸೂಕ್ಷ್ಮವಿದೆ. ನಮ್ಮಲ್ಲಿ ವಿದ್ವಾಂಸರ ಲೇಖನಗಳು ಮೊದಲು ಪತ್ರಿಕೆಯಲ್ಲಿ ಬರುತ್ತವೆ, ಆಮೇಲೆ ಸಂಪುಟವಾಗುತ್ತವೆ. ಎಂ.ಎಂ. ಕಲಬುರ್ಗಿ ಅವರ ಬಿಡಿ ಸಂಶೋಧನಾ ಲೇಖನಗಳು 'ಮಾರ್ಗ' ಸಂಪುಟಗಳಾಗಿ ಬಂದವು, ಅದರ ನಾಲ್ಕನೆಯದಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಲೇಖನವೊಂದು ಹೀಗೆ ಸಂಪುಟ ಸೇರಿದ ಮೇಲೆ ಮುಂದಿನವರು ಉಲ್ಲೇಖಿಸುವುದು ಸಂಪುಟವನ್ನು. ಮೊದಲು ಅಚ್ಚು ಹಾಕಿದ ಪತ್ರಿಕೆಯ ಹೆಸರು ಮಾಯ. ನಿಮ್ಮ ಲೇಖಕರಿಗೆ ಫೋನ್ ಮಾಡಿ, ಯಾವ ಲೇಖನ ಯಾವ ಪುಸ್ತಕದಲ್ಲಿ ಮರುಮುದ್ರಣ ಆಗಿದೆ ಎಂದು ಕೇಳಿ. ಮರುಮುದ್ರಣಕ್ಕೆ ಬಂದ ಉಲ್ಲೇಖಗಳನ್ನು ಬೇರೆ ಕಲಂನಲ್ಲಿ ಇಡಿ. ನೇರ ಉಲ್ಲೇಖದ ಜೊತೆ ಕೂಡಿಸಬೇಡಿ, ಮರೆಯಲೂ ಬೇಡಿ. ಹತ್ತು ವರ್ಷದಲ್ಲಿ ನಿಮ್ಮ ಎಷ್ಟು ಲೇಖನ ಪುಸ್ತಕ ಸೇರಿವೆ ಎಂಬುದೇ ಒಂದು ಒಳ್ಳೆಯ ಅಳತೆ ಅಂತ ನನಗನ್ನಿಸುತ್ತದೆ. ಯಾವ ವಿದೇಶಿ ಸೂಚಿಯೂ ಅದನ್ನು ಎಣಿಸುವುದಿಲ್ಲ.

ಹೆಜ್ಜೆ 7: ಜರಡಿ ಹಿಡಿಯಿರಿ

ಒಂದು ಪ್ರಬಂಧ ನಿಮ್ಮ ಒಂದು ಲೇಖನವನ್ನು ಎಷ್ಟು ಸಲ ಉಲ್ಲೇಖಿಸಿದರೂ ಒಂದೇ ಎಂದು ಎಣಿಸಿ. 'ಅದೇ, ಪು. 24', 'ಅದೇ, ಪು. 31' ಎಂದು ಹತ್ತು ಅಡಿಟಿಪ್ಪಣಿ ಇದ್ದರೆ ಹತ್ತಲ್ಲ, ಒಂದು. ಅದೇ ಪ್ರಬಂಧ ಆಮೇಲೆ ಪುಸ್ತಕವಾಗಿದ್ದರೆ ಎರಡರಲ್ಲಿ ಒಂದನ್ನು ಬಿಡಿ. ಸ್ಕಾಲರ್‌ನಲ್ಲೂ ಶೋಧಗಂಗಾದಲ್ಲೂ ಸಿಕ್ಕಿದ್ದನ್ನು ಒಂದು ಮಾಡಿ, ಆದರೆ 'ಎಲ್ಲಿ ಸಿಕ್ಕಿತು' ಕಲಂನಲ್ಲಿ ಎರಡನ್ನೂ ಬರೆಯಿರಿ.

ಲೇಖಕರು ತಮ್ಮದನ್ನೇ ಉಲ್ಲೇಖಿಸಿದ್ದು, ಪತ್ರಿಕೆ ತನ್ನದೇ ಹಳೆಯ ಲೇಖನವನ್ನು ಉಲ್ಲೇಖಿಸಿದ್ದು, ಇವನ್ನು ಗುರುತು ಮಾಡಿ. ತಪ್ಪೇನಲ್ಲ. ಒಂದೇ ಕ್ಷೇತ್ರದಲ್ಲಿ ನಲವತ್ತು ವರ್ಷ ದುಡಿದವರು ಇನ್ಯಾರನ್ನು ಉಲ್ಲೇಖಿಸಬೇಕು? ಆದರೆ ಸೇರಿಸಿ ಒಂದು ಅಂಕಿ, ಬಿಟ್ಟು ಒಂದು ಅಂಕಿ, ಎರಡನ್ನೂ ಕೊಡಿ. ಮಿತಿಮೀರಿದ ಸ್ವ-ಉಲ್ಲೇಖ ಕಂಡರೆ ಕ್ಲಾರಿವೇಟ್ ಕೂಡ ಪತ್ರಿಕೆಗಳ ಅಂಕಿಯನ್ನು ತಡೆಹಿಡಿಯುತ್ತದೆ.

ಹೆಜ್ಜೆ 8: ಲೆಕ್ಕ

ಒಂದು ಕಲ್ಪಿತ ಪತ್ರಿಕೆ ಇಟ್ಟುಕೊಳ್ಳೋಣ. ವರ್ಷಕ್ಕೆ 16 ಸಂಶೋಧನಾ ಲೇಖನ. 2013ರಿಂದ 2022ರವರೆಗೆ ಒಟ್ಟು 160. 2023ರಲ್ಲಿ ಹೊರಬಂದ ಪ್ರಬಂಧ, ಪುಸ್ತಕ, ಪತ್ರಿಕೆಗಳಲ್ಲಿ ಇವಕ್ಕೆ 40 ಉಲ್ಲೇಖ ಸಿಕ್ಕಿವೆ ಅಂದುಕೊಳ್ಳಿ. ಅದರಲ್ಲಿ 2021 ಮತ್ತು 2022ರ ಲೇಖನಗಳಿಗೆ ಬಂದದ್ದು 4. 2018ರಿಂದ 2022ರವರೆಗಿನ ಲೇಖನಗಳಿಗೆ ಬಂದದ್ದು 14.

ಎರಡು ವರ್ಷದ ಲೆಕ್ಕ: 4 ಭಾಗಿಸು 32, ಅಂದರೆ 0.125.
ಐದು ವರ್ಷದ್ದು: 14 ಭಾಗಿಸು 80, ಅಂದರೆ 0.175.
ಹತ್ತು ವರ್ಷದ್ದು: 40 ಭಾಗಿಸು 160, ಅಂದರೆ 0.25.

ಅವಧಿ ಹಿಗ್ಗಿದಷ್ಟೂ ಅಂಕಿ ಏರುತ್ತಿದೆ ನೋಡಿ. ಹೊಸ ಲೇಖನಕ್ಕಿಂತ ಹಳೆಯ ಲೇಖನವನ್ನೇ ಜನ ಹೆಚ್ಚು ಬಳಸುತ್ತಿದ್ದಾರೆ ಅಂತ ಅರ್ಥ. ಎರಡು ವರ್ಷದ ಅಂಕಿ ಮಾತ್ರ ಕೊಟ್ಟಿದ್ದರೆ ಈ ವಿಷಯ ತಿಳಿಯುತ್ತಲೇ ಇರಲಿಲ್ಲ. ಜೊತೆಗೆ ಉಲ್ಲೇಖವಾದ ಲೇಖನಗಳ ವಯಸ್ಸನ್ನು ಸಾಲಾಗಿ ಬರೆದು ನಡುವಿನದನ್ನು ತೆಗೆಯಿರಿ. 'ನಮ್ಮ ಅರ್ಧದಷ್ಟು ಉಲ್ಲೇಖಗಳು ಇಷ್ಟು ವರ್ಷಕ್ಕಿಂತ ಹಳೆಯ ಲೇಖನಗಳಿಗೆ' ಎಂದು ಹೇಳಬಹುದು.

ಮುಂದಿನದು ಎಚ್ ಸೂಚ್ಯಂಕ. 2005ರಲ್ಲಿ ಹೋರ್ಹೆ ಹರ್ಷ್ ಎಂಬ ಭೌತವಿಜ್ಞಾನಿ ವ್ಯಕ್ತಿಗಳಿಗಾಗಿ ಮಾಡಿದ್ದು, ಪತ್ರಿಕೆಗೂ ಹೊಂದುತ್ತದೆ. ಲೇಖನಗಳನ್ನು ಉಲ್ಲೇಖದ ಇಳಿಕೆಯಲ್ಲಿ ಜೋಡಿಸಿ: 14, 9, 6, 5, 5, 3, 2, 1. ಐದನೇ ಲೇಖನಕ್ಕೆ 5 ಉಲ್ಲೇಖ ಇದೆ, ಆರನೆಯದಕ್ಕೆ 6 ಇಲ್ಲ. ಹಾಗಾಗಿ ಎಚ್ ಸೂಚ್ಯಂಕ 5. ಒಂದೇ ಲೇಖನ ಭಾರೀ ಹೆಸರು ಮಾಡಿದ್ದರೆ ಸರಾಸರಿ ಮೋಸ ಮಾಡುತ್ತದೆ, ಇದು ಅಷ್ಟು ಮೋಸ ಮಾಡುವುದಿಲ್ಲ. ಸೈಟ್‌ಸ್ಕೋರ್, ಎಸ್‌ಜೆಆರ್ ಮುಂತಾದ ಬೇರೆ ಅಳತೆಗಳು ಸ್ಕೋಪಸ್‌ನಲ್ಲಿ ಇದ್ದವರಿಗೆ ಮಾತ್ರ, ನಮಗೆ ಸದ್ಯ ಬೇಡ.

ನನಗೆ ಇವೆಲ್ಲಕ್ಕಿಂತ ಇಷ್ಟವಾದ ಎರಡು ಎಣಿಕೆ ಬೇರೆ. ಒಂದು, ಹರಡುವಿಕೆ: ಉಲ್ಲೇಖಿಸಿದವರು ಎಷ್ಟು ವಿಶ್ವವಿದ್ಯಾಲಯಗಳವರು, ಎಷ್ಟು ವಿಷಯಗಳವರು? ನಮ್ಮಲ್ಲಿ ಒಂದು ಹಳೆಯ ಲೇಖನ ಕೆರೆಯ ಶಾಸನಗಳ ಮೇಲಿತ್ತು. ಅದನ್ನು ಶಾಸನತಜ್ಞರಿಗಿಂತ ಹೆಚ್ಚಾಗಿ ಬಳಸಿದ್ದವರು ಭೂಗೋಳ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗಳು. ಸಂಪಾದಕರಿಗೆ ಅದು ದೊಡ್ಡ ಸುದ್ದಿಯಾಗಿತ್ತು. ಇನ್ನೊಂದು, ಬಳಕೆಯ ಬಗೆ: ಹತ್ತಿಪ್ಪತ್ತು ಉಲ್ಲೇಖಗಳನ್ನು ತೆರೆದು ಆ ಪ್ಯಾರಾ ಓದಿ. ಸುಮ್ನೆ ಹೆಸರು ಹಾಕಿದ್ದಾರಾ, ಮಾಹಿತಿ ತೆಗೆದುಕೊಂಡಿದ್ದಾರಾ, ವಾದಕ್ಕೆ ಇಳಿದಿದ್ದಾರಾ? ನಿಮ್ಮ ಲೇಖನವನ್ನು ಎರಡು ಪುಟ ಖಂಡಿಸಿದವರು, ಪಟ್ಟಿಯಲ್ಲಿ ಸುಮ್ಮನೆ ಹೆಸರು ಸೇರಿಸಿದ ಹತ್ತು ಜನಕ್ಕಿಂತ ಮೇಲು.

ಉಲ್ಲೇಖಕ್ಕೆ ಸಿಗದ ಪ್ರಭಾವ

ಇದನ್ನು ಬೇಗ ಹೇಳಿಬಿಡುತ್ತೇನೆ. ಎಷ್ಟು ಗ್ರಂಥಾಲಯಗಳಿಗೆ ಪತ್ರಿಕೆ ಹೋಗುತ್ತದೆ, ಯಾವ ಲೇಖನ ಯಾವ ಪಠ್ಯಕ್ರಮದಲ್ಲಿ ಓದಿಗೆ ಇದೆ, ಕನ್ನಡ ವಿಕಿಪೀಡಿಯದಲ್ಲಿ ಎಲ್ಲಿ ಆಧಾರವಾಗಿದೆ, ದಿನಪತ್ರಿಕೆಯ ಅಂಕಣದಲ್ಲಿ ಪ್ರಸ್ತಾಪವಾಗಿದೆಯೇ, ಬೇರೆ ಭಾಷೆಗೆ ಅನುವಾದವಾಗಿದೆಯೇ, ಇವನ್ನೆಲ್ಲ ಬರೆದಿಡಿ. ಆನ್‌ಲೈನ್ ಪತ್ರಿಕೆಯಾದರೆ ಡೌನ್‌ಲೋಡ್ ಎಣಿಕೆ ಇರುತ್ತದೆ. ಅದರಲ್ಲಿ ಯಂತ್ರಗಳ ಭೇಟಿಯೂ ಸೇರಿರುತ್ತದೆ, ಪೂರ್ತಿ ನಂಬಬೇಡಿ.

ಹಣ ಕೊಟ್ಟರೆ ಸಿಗುವ ಅಂಕಿ ಬೇಡವೇ ಬೇಡ

ನಿಮ್ಮ ಪತ್ರಿಕೆಗೆ ಐಎಸ್‌ಎಸ್‌ಎನ್ ಬಂದ ಸ್ವಲ್ಪ ದಿನಕ್ಕೆ ಒಂದು ಈಮೇಲ್ ಬರುತ್ತದೆ. 'ನಿಮ್ಮ ಜರ್ನಲ್‌ಗೆ 5.7 ಇಂಪ್ಯಾಕ್ಟ್ ಫ್ಯಾಕ್ಟರ್ ಸಿಗಬಹುದು, ಇಷ್ಟು ಡಾಲರ್ ಕಟ್ಟಿ.' ನಮಗೂ ಬಂದಿತ್ತು. ಕನ್ನಡ ಮಾನವಿಕ ಪತ್ರಿಕೆಗೆ 5.7! ಒಂದು ಕ್ಷಣ ಖುಷಿಯಾಯಿತು ಅಂತಲೂ ಒಪ್ಪಿಕೊಳ್ಳುತ್ತೇನೆ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಹೆಸರಿನ ಅಂಕಿ ಬರುವುದು ಕ್ಲಾರಿವೇಟ್‌ನ ವಾರ್ಷಿಕ ವರದಿಯಿಂದ. ಆ ಹೆಸರಿನ ಹಿಂದೆ ಮುಂದೆ ಬೇರೆ ಪದ ಸೇರಿಸಿಕೊಂಡು ಯಾರಾದರೂ ದುಡ್ಡು ಕೇಳಿದರೆ ಉತ್ತರ ಬರೆಯಲೂ ಹೋಗಬೇಡಿ. ಐಎಸ್‌ಎಸ್‌ಎನ್ ಕೂಡ ಬರೀ ಎಂಟು ಅಂಕಿಯ ಗುರುತು ಸಂಖ್ಯೆ. ಗುಣಮಟ್ಟದ ಮುದ್ರೆ ಅಲ್ಲ. ಅದನ್ನು ಮುಖಪುಟದಲ್ಲಿ ಪದಕದ ಹಾಗೆ ಹಾಕಿಕೊಳ್ಳುವವರಿಗೆ ಏನು ಹೇಳುವುದು.

ಇದೇ ಮಾತಿಗೆ ಯುಜಿಸಿ ಕೇರ್ ಪಟ್ಟಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ ಒಪ್ಪಿದ ಪತ್ರಿಕೆಗಳ ಪಟ್ಟಿಯ, ವಿಷಯ. 2019ರಲ್ಲಿ ಬಂದ ಆ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಪತ್ರಿಕೆ ಆರಿಸಲು ಕೆಲವು ಸೂಚಕ ಮಾನದಂಡಗಳನ್ನು ಕೊಟ್ಟು, ತೀರ್ಮಾನವನ್ನು ಆಯಾ ಸಂಸ್ಥೆಗಳಿಗೆ ಬಿಟ್ಟರು. ಅಂದರೆ 'ಪಟ್ಟಿಯಲ್ಲಿದ್ದೇವೆ' ಎಂಬ ಒಂದೇ ಮಾತು ಇನ್ನು ಸಾಲದು. ನಿಮ್ಮ ಕೈಯಲ್ಲಿ ನಿಮ್ಮದೇ ಪುರಾವೆ ಇರಬೇಕು.

ಹೆಜ್ಜೆ 9: ವರದಿ ಬರೆಯುವುದು

ಎರಡು ಪುಟ ಸಾಕು. ಅವಧಿ, ನೋಡಿದ ಮೂಲಗಳು, ಮಾದರಿ ಆರಿಸಿದ ರೀತಿ, ಬಿಟ್ಟದ್ದು ಏನು ಎಂಬುದು ಮೊದಲು ಬರಲಿ. ಆಮೇಲೆ ಅಂಕಿಗಳು, ಮೂಲದ ಪ್ರಕಾರ ಬಿಡಿಸಿ. ಮೇಲಿನ ಕಲ್ಪಿತ 40ರಲ್ಲಿ ಗೂಗಲ್ ಸ್ಕಾಲರ್‌ನಲ್ಲಿ ಸಿಕ್ಕಿದ್ದು 7 ಅಂದುಕೊಳ್ಳಿ. ಹಾಗೆಯೇ ಬರೆಯಿರಿ. ಸ್ಕಾಲರ್ ಒಂದನ್ನೇ ನಂಬಿದ್ದರೆ ಉಳಿದ 33 ಕಾಣುತ್ತಿರಲಿಲ್ಲ ಎಂಬುದು ಓದುವವರಿಗೆ ತಾನಾಗಿಯೇ ತಿಳಿಯುತ್ತದೆ. ಒಟ್ಟು ಅಂಕಿಯ ಹಿಂದೆ 'ಕನಿಷ್ಠ' ಎಂಬ ಪದ ಸೇರಿಸಿ, ಯಾಕೆಂದರೆ ನೀವು ನೋಡದ ಕಪಾಟು ಇದ್ದೇ ಇರುತ್ತದೆ. 'ಇಂಪ್ಯಾಕ್ಟ್ ಫ್ಯಾಕ್ಟರ್' ಎಂಬ ಹೆಸರು ಬಳಸಬೇಡಿ. 'ಹತ್ತು ವರ್ಷದ ಸರಾಸರಿ ಉಲ್ಲೇಖ, ನಮ್ಮದೇ ಎಣಿಕೆ' ಎನ್ನಿ. ಭೌತವಿಜ್ಞಾನದ ಪತ್ರಿಕೆಯ ಪಕ್ಕ ನಿಲ್ಲಿಸಿ ಹೋಲಿಸಬೇಡಿ. ಹೋಲಿಸಲೇಬೇಕಿದ್ದರೆ ನಿಮ್ಮ ಹಿಂದಿನ ಐದು ವರ್ಷಕ್ಕೇ ಹೋಲಿಸಿ.

ಅನುದಾನ ಸಮಿತಿಯವರು ಮೂಗು ಮುರಿದರೆ, ಸಂಶೋಧನೆಯನ್ನು ಹೇಗೆ ಅಳೆಯಬೇಕು ಎಂಬುದರ ಬಗ್ಗೆ ಇರುವ ಎರಡು ದಾಖಲೆ ತೋರಿಸಿ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಡೋರಾ ಘೋಷಣೆ, ಪತ್ರಿಕೆಯ ಅಂಕಿಯಿಂದ ಲೇಖಕರನ್ನು ಅಳೆಯಬೇಡಿ ಎನ್ನುತ್ತದೆ. 2015ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಮೂರನೆಯದು, ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯ ಶ್ರೇಷ್ಠತೆಯನ್ನು ಕಾಪಾಡಬೇಕು ಎನ್ನುತ್ತದೆ. ಅಮೆರಿಕದ ಪತ್ರಿಕೆಗಳ ಅಂಕಿಯ ಹಿಂದೆ ಹೋದರೆ ಸ್ಥಳೀಯ ಕಾರ್ಮಿಕ ಕಾನೂನು, ವಯಸ್ಸಾದವರ ಆರೈಕೆ ಮುಂತಾದ ವಿಷಯಗಳು ಬಿಟ್ಟುಹೋಗುತ್ತವೆ ಎಂಬ ಉದಾಹರಣೆ ಅಲ್ಲಿದೆ. ನಮ್ಮ ಕೆರೆ, ಜಾತ್ರೆ, ಕೈಫಿಯತ್ತುಗಳ (ಊರಿನ ಹಳೆಯ ಸ್ಥಳವೃತ್ತಾಂತಗಳ) ಮಾತೂ ಅದೇ.

ಮುಂದಿನ ಸಲದ ಎಣಿಕೆ ಸುಲಭವಾಗಲು

ಇವತ್ತಿನಿಂದಲೇ ಯುನಿಕೋಡ್‌ನಲ್ಲಿ ಅಚ್ಚು ಮಾಡಿಸಿ. ಪ್ರೆಸ್‌ನವರು 'ನುಡಿಯಲ್ಲೇ ಕೊಡಿ ಸಾರ್' ಅಂತ ಹಟ ಹಿಡಿಯುತ್ತಾರೆ, ಬಗ್ಗಬೇಡಿ. ಪ್ರತಿ ಲೇಖನದ ಮೊದಲ ಪುಟದ ಅಡಿಯಲ್ಲಿ 'ಈ ಲೇಖನವನ್ನು ಹೀಗೆ ಉಲ್ಲೇಖಿಸಿ' ಎಂದು ಪೂರ್ತಿ ವಿವರ ಹಾಕಿ. ಇದೊಂದರಿಂದಲೇ ಹೆಸರಿನ ವೇಷಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಇಂಗ್ಲಿಷ್‌ನಲ್ಲಿ ಶೀರ್ಷಿಕೆ ಮತ್ತು ಸಾರಾಂಶ ಕೊಡಿ. ಸ್ಕೋಪಸ್‌ನಂಥವರು ಅದನ್ನು ಕೇಳುತ್ತಾರೆ, ಜೊತೆಗೆ ಕನ್ನಡ ಬಾರದ ಓದುಗರಿಗೂ ಒಂದು ಕಿಟಕಿ. ಆನ್‌ಲೈನ್ ಮಾಡುವುದಾದರೆ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಉಚಿತ ತಂತ್ರಾಂಶವಿದೆ. ಪ್ರತಿ ಲೇಖನಕ್ಕೆ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆ ಪಡೆಯಬಹುದು. ಕ್ರಾಸ್‌ರೆಫ್ ಸಂಸ್ಥೆಯಿಂದ ಪಡೆಯಲು ಸದಸ್ಯತ್ವ ಶುಲ್ಕ ಕಟ್ಟಬೇಕು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಝೆನೋಡೋ ಎಂಬ ಆನ್‌ಲೈನ್ ಭಂಡಾರದಲ್ಲಿ ಪಿಡಿಎಫ್ ಏರಿಸಿದರೆ ಡಿಒಐ ಪುಕ್ಕಟೆ ಸಿಗುತ್ತದೆ. ಲೇಖನ ಪುಸ್ತಕದಲ್ಲಿ ಮರುಮುದ್ರಣವಾದರೆ ಮೊದಲು ಪ್ರಕಟವಾದ ಪತ್ರಿಕೆಯ ಹೆಸರು ಹಾಕಬೇಕೆಂದು ಲೇಖಕರ ಒಪ್ಪಿಗೆ ಪತ್ರದಲ್ಲೇ ಒಂದು ಸಾಲು ಸೇರಿಸಿ.

ಎಕ್ಸೆಲ್ ಹಾಳೆಯನ್ನು ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಡಬೇಡಿ. ಪ್ರತಿ ಜನವರಿಯಲ್ಲಿ ತೆರೆದು ಹಿಂದಿನ ವರ್ಷದ್ದನ್ನು ಸೇರಿಸಿ. ಮೊದಲ ಸಲ ನಮಗೆ ಮೂರು ತಿಂಗಳು ಹಿಡಿಯಿತು. ಎರಡನೇ ವರ್ಷ ಹದಿನೈದು ದಿನ, ಅದರಲ್ಲೂ ನಾಲ್ಕು ದಿನ ಹೋದದ್ದು ಒಂದೇ ಒಂದು ಸ್ಕ್ಯಾನ್ ಪ್ರಬಂಧದ ಮಸುಕಾದ ಗ್ರಂಥಋಣ ಓದುವುದಕ್ಕೆ. ಕೊನೆಗೆ ಅದರಲ್ಲಿ ನಮ್ಮ ಪತ್ರಿಕೆ ಮೂರು ಸಲ ಇತ್ತು, ಮೂರೂ ಬೇರೆ ಬೇರೆ ಕಾಗುಣಿತದಲ್ಲಿ.